ಅಪ್ಪ ಸಾಯಬೇಕು ಅಂದಾಗ ಮಗಳು ಎಲ್ಲಿರಬೇಕು? ಒಂದು ಫ್ರೆಂಚ್ ಸಿನಿಮಾದ ಹಿಂದಿರುವ ಕಾನೂನು

ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತವಳಿಗೆ ಒಂದು ಫೋನ್ ಬರುತ್ತದೆ. ಅಪ್ಪನಿಗೆ ಸ್ಟ್ರೋಕ್ ಆಗಿದೆ. ದಡಬಡಾಯಿಸಿ ಹೊರಗೆ ಓಡುತ್ತಾಳೆ. ನೋಡಿದರೆ ಎಲ್ಲ ಮಂಜು ಮಂಜು, ಏನೂ ಸರಿಯಾಗಿ ಕಾಣುತ್ತಿಲ್ಲ. ಗಾಬರಿಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವುದನ್ನೇ ಮರೆತಿದ್ದಾಳೆ. ಮತ್ತೆ ಮನೆಗೆ ಹೋಗಿ ಲೆನ್ಸ್ ಹಾಕಿಕೊಂಡು ಆಸ್ಪತ್ರೆಗೆ ಹೊರಡುತ್ತಾಳೆ.

ಫ್ರಾನ್ಸ್ವಾ ಓಜೋನ್ ನಿರ್ದೇಶನದ 'ತೂ ಸೆ ಬ್ಯಾಂ ಪಾಸೆ' ಶುರುವಾಗುವುದು ಹೀಗೆ. 2021ರ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿದ್ದ ಸಿನಿಮಾ. ಹೆಸರಿನ ಅರ್ಥ 'ಎಲ್ಲ ಚೆನ್ನಾಗಿ ಆಯ್ತು'. ಮಗಳು ಎಮಾನ್ಯುಯೆಲ್ ಪಾತ್ರದಲ್ಲಿ ಸೋಫಿ ಮಾರ್ಸೋ ಇದ್ದಾರೆ. 1999ರ ಜೇಮ್ಸ್ ಬಾಂಡ್ ಚಿತ್ರ ನೋಡಿದವರಿಗೆ ಮುಖ ಪರಿಚಯ ಇರುತ್ತದೆ. ಅಪ್ಪ ಆಂದ್ರೆ ಆಗಿ ಆಂದ್ರೆ ದ್ಯುಸೋಲಿಯೆ. ಬಾಯಿ ಒಂದು ಕಡೆ ಸೊಟ್ಟಗಾಗಿ, ಮಾತು ತೊದಲುತ್ತಾ ಹಾಸಿಗೆಯಲ್ಲಿ ಬಿದ್ದಿರುವ ಈ ಮುದುಕ ಶ್ರೀಮಂತ. ಕಲಾಕೃತಿಗಳನ್ನು ಸಂಗ್ರಹಿಸುವವನು. ಜೀವನಪೂರ್ತಿ ತಾನು ಹೇಳಿದ್ದೇ ನಡೆಯಬೇಕು ಅಂತ ಬದುಕಿದವನು. ಮಕ್ಕಳು ಚಿಕ್ಕವರಿದ್ದಾಗ ಒಳ್ಳೆಯ ಅಪ್ಪನೇನೂ ಆಗಿರಲಿಲ್ಲ.

ಅಂಥವನು ಒಂದು ದಿನ ಮಗಳ ಹತ್ತಿರ ಒಂದು ಸಹಾಯ ಕೇಳುತ್ತಾನೆ. ತನ್ನ ಬದುಕನ್ನು ಮುಗಿಸಿಕೊಳ್ಳಲು ನೆರವಾಗು ಅಂತ.

ಈ ಸಿನಿಮಾ ನೋಡಿದ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಕೆಲವಿವೆ. ಫ್ರಾನ್ಸಿನಲ್ಲಿ ಇದಕ್ಕೆ ಕಾನೂನು ಇಲ್ಲವಾ? ಸ್ವಿಟ್ಜರ್ಲೆಂಡಿಗೇ ಯಾಕೆ ಹೋಗಬೇಕು? ಅಪ್ಪ ಹೊರಟ ಮೇಲೆ ಮಕ್ಕಳು ಯಾಕೆ ಜೊತೆಗೆ ಹೋಗಲಿಲ್ಲ, ಅಷ್ಟು ಕಲ್ಲುಮನಸ್ಸಾ? ಪೊಲೀಸರು ಯಾಕೆ ಬಂದರು? ಇವುಗಳಿಗೆ ಉತ್ತರ ಗೊತ್ತಿದ್ದರೆ ಸಿನಿಮಾ ಪೂರ್ತಿ ಬೇರೆಯಾಗಿ ಕಾಣುತ್ತದೆ. ಏಕೆಂದರೆ ಇಲ್ಲಿ ಪ್ರತಿ ದೃಶ್ಯದಲ್ಲೂ ಮಗಳು ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂದು ಗೆರೆ ಎಳೆದಿರುವುದು ಕಾನೂನು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ದಯಾಮರಣ ಅನ್ನುವ ಒಂದೇ ಪದದೊಳಗೆ ನಾವು ಮೂರು ಬೇರೆ ಬೇರೆ ಕೆಲಸಗಳನ್ನು ತುರುಕಿಬಿಟ್ಟಿದ್ದೇವೆ. ವೆಂಟಿಲೇಟರಿನಂಥ ಚಿಕಿತ್ಸೆಯನ್ನು ನಿಲ್ಲಿಸಿ, ಕಾಯಿಲೆ ತನ್ನ ದಾರಿಗೆ ತಾನು ಹೋಗಲಿ ಅಂತ ಬಿಡುವುದು ಒಂದು. ವೈದ್ಯರೇ ಔಷಧಿ ಕೊಟ್ಟು ಸಾವು ತರುವುದು ಇನ್ನೊಂದು. ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ 2002ರಿಂದ ಇದಕ್ಕೆ ಕಾನೂನಿದೆ. ಮೂರನೆಯದರಲ್ಲಿ ಬೇರೆಯವರು ವ್ಯವಸ್ಥೆ ಮಾಡಿಕೊಡುತ್ತಾರೆ, ಆದರೆ ಕೊನೆಯ ಕೆಲಸವನ್ನು ಸಾಯುವವರೇ ತಮ್ಮ ಕೈಯಾರೆ ಮಾಡಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನದು ಈ ಮೂರನೆಯದು.

ಫ್ರಾನ್ಸಿನಲ್ಲಿ ಕಾನೂನೇ ಇರಲಿಲ್ಲ ಅಂತಲ್ಲ. 2005ರಲ್ಲಿ ಲಿಯೊನೆಟಿ ಕಾಯ್ದೆ ಬಂತು. ಗುಣವಾಗುವ ಆಸೆಯೇ ಇಲ್ಲದಾಗ ಸುಮ್ನೆ ಎಳೆದಾಡುವ ಚಿಕಿತ್ಸೆ ಮಾಡಬೇಕಿಲ್ಲ, ರೋಗಿ ಬೇಡ ಅಂದರೆ ನಿಲ್ಲಿಸಬಹುದು ಅಂತ ಅದು ಹೇಳಿತು. 2016ರ ಕ್ಲೇಯ್ಸ್-ಲಿಯೊನೆಟಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಾವು ಹತ್ತಿರವಿದ್ದು ನೋವು ತಡೆಯಲಾಗದಿದ್ದರೆ, ಕೊನೆಯುಸಿರಿನವರೆಗೂ ಗಾಢ ನಿದ್ದೆಯಲ್ಲಿ ಇಡಲು ಅವಕಾಶ ಕೊಟ್ಟಿತು.

ಈಗ ಇದನ್ನು ಆಂದ್ರೆಯ ಹಾಸಿಗೆ ಪಕ್ಕ ಇಟ್ಟು ನೋಡಿ. ಅವನ ಮೂಗಿಗೆ ವೆಂಟಿಲೇಟರ್ ಇಲ್ಲ. ನಿಲ್ಲಿಸುವುದಕ್ಕೆ ಯಂತ್ರವೇ ಇಲ್ಲ. ಸಾವು ಹತ್ತಿರ ಬಂದಿಲ್ಲ. ಇನ್ನೂ ಹೇಳಬೇಕೆಂದರೆ ಅವನು ಸುಧಾರಿಸಿಕೊಳ್ಳುತ್ತಿದ್ದಾನೆ. ಊಟ ಮಾಡುತ್ತಾನೆ, ಜೋಕು ಹೊಡೆಯುತ್ತಾನೆ, ನರ್ಸುಗಳ ಮೇಲೆ ರೇಗುತ್ತಾನೆ. ಇಂಥವನಿಗೆ ಫ್ರಾನ್ಸಿನ ಕಾನೂನಿನಲ್ಲಿ ಒಂದು ಸಾಲೂ ಇರಲಿಲ್ಲ. ಆ ಕಾನೂನು ಬರೆದದ್ದು ಸಾಯುತ್ತಿರುವವರಿಗೆ. ಇವನು ಬದುಕಿಕೊಳ್ಳುತ್ತಿರುವವನು. ನನಗೆ ಈ ಸಿನಿಮಾದಲ್ಲಿ ಜಾಸ್ತಿ ಕಾಡಿದ್ದು ಇದೇ. ಓಜೋನ್ ಬೇಕಿದ್ದರೆ ನೋವಿನಿಂದ ಒದ್ದಾಡುವ ರೋಗಿಯನ್ನು ತೋರಿಸಿ ನಮ್ಮಿಂದ ಸುಲಭವಾಗಿ 'ಪಾಪ, ಹೋಗಲಿ ಬಿಡಿ' ಅನ್ನಿಸಬಹುದಿತ್ತು. ಅವರು ಹಾಗೆ ಮಾಡುವುದಿಲ್ಲ. ಅಪ್ಪ ಚೇತರಿಸಿಕೊಂಡಷ್ಟೂ ಮಗಳಿಗೆ ಆಸೆ ಹುಟ್ಟುತ್ತದೆ, ಅಪ್ಪನ ಹಟ ಮಾತ್ರ ಹಾಗೇ ಇರುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಸ್ಟ್ರೋಕ್ ಆದವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ. 'ಸಾಯಬೇಕು' ಅನ್ನುವವರಲ್ಲಿ ಬಹಳಷ್ಟು ಜನ ಚಿಕಿತ್ಸೆ ಸಿಕ್ಕ ಮೇಲೆ, ಮಾತನಾಡಲು ಯಾರಾದರೂ ಸಿಕ್ಕ ಮೇಲೆ ಹಾಗೆ ಅನ್ನುವುದಿಲ್ಲ. ಅದಕ್ಕೇ ಇದಕ್ಕೆ ಅವಕಾಶವಿರುವ ದೇಶಗಳಲ್ಲೂ ಮೊದಲು ನೋಡುವುದು, ಈ ಆಸೆ ಆ ಮನುಷ್ಯನದೋ ಅಥವಾ ಕಾಯಿಲೆಯದೋ ಅಂತ. ನಮ್ಮಲ್ಲಿ ಇಂಥ ಯೋಚನೆ ಬರುತ್ತಿರುವವರಿಗೆ ಟೆಲಿ ಮನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು.

ಸರಿ, ಸ್ವಿಟ್ಜರ್ಲೆಂಡಿಗೆ ಹೋಗೋಣ. ಅಲ್ಲಿಯೂ 'ಬನ್ನಿ, ಸಾಯಲು ಅನುಮತಿ ಇದೆ' ಅಂತ ಬರೆದ ಕಾನೂನು ಇಲ್ಲ ಅಂದರೆ ಆಶ್ಚರ್ಯ ಆಗಬಹುದು. ಇರುವುದು ದಂಡಸಂಹಿತೆಯ 115ನೇ ಕಲಮು. 1942ರಿಂದ ಜಾರಿಯಲ್ಲಿದೆ. ಅದು ಹೇಳುವುದು ಇಷ್ಟೇ: ಸ್ವಾರ್ಥಕ್ಕಾಗಿ ಯಾರನ್ನಾದರೂ ಆತ್ಮಹತ್ಯೆಗೆ ದೂಡಿದರೆ ಅಥವಾ ನೆರವಾದರೆ ಶಿಕ್ಷೆ. ಆಸ್ತಿ ಬೇಗ ಕೈಗೆ ಬರಲಿ ಅಂತ ತಾತನಿಗೆ ಸಹಾಯ ಮಾಡಿದರೆ ಜೈಲು. ಹಾಗಾದರೆ ಸ್ವಾರ್ಥ ಇಲ್ಲದೆ ನೆರವಾದರೆ? ಅದರ ಬಗ್ಗೆ ಕಲಮು ಸುಮ್ಮನಿದೆ. ಆ ಮೌನದ ಮೇಲೆಯೇ ದಶಕಗಳ ನಂತರ ಇಂಥ ಸಾವಿಗೆ ನೆರವಾಗುವ ಸಂಘಗಳು ಹುಟ್ಟಿಕೊಂಡವು. ಎಕ್ಸಿಟ್ 1982ರಲ್ಲಿ, ಡಿಗ್ನಿಟಾಸ್ 1998ರಲ್ಲಿ.

ಅದರ ಹಿಂದಿನ 114ನೇ ಕಲಮು ಇನ್ನೂ ಬಿಗಿ. ಅದರ ಪ್ರಕಾರ, ಸಾಯುವವರೇ ಬೇಡಿಕೊಂಡರೂ ಬೇರೆಯವರು ಕೊಂದರೆ ಅದು ಅಪರಾಧ. ಎರಡನ್ನೂ ಜೋಡಿಸಿ ಓದಿದರೆ ಒಂದು ವಿಚಿತ್ರ ಲೆಕ್ಕ ಹೊರಗೆ ಬರುತ್ತದೆ. ಔಷಧಿಯ ಲೋಟವನ್ನು ಪಕ್ಕದಲ್ಲಿ ಇಡಬಹುದು. ತುಟಿಗೆ ಹಿಡಿಯುವ ಹಾಗಿಲ್ಲ. ಸಾಯುವವರಿಗೆ ತಾವೇನು ಮಾಡುತ್ತಿದ್ದೇವೆ ಅನ್ನುವ ಅರಿವು ಪೂರ್ತಿ ಇರಬೇಕು. ಲೋಟವನ್ನು ತಾವೇ ಎತ್ತಿ ಕುಡಿಯಬೇಕು. ಕೊನೆಯ ಕ್ಷಣದಲ್ಲಿ ಬೇಡ ಅಂದರೆ ಅಲ್ಲಿಗೇ ಮುಗಿಯಿತು. ಎಲ್ಲ ಆದ ಮೇಲೆ ಪೊಲೀಸರಿಗೆ ಫೋನ್ ಹೋಗುತ್ತದೆ. ಅಧಿಕಾರಿಗಳು ಬಂದು ಪ್ರತಿ ಸಾವನ್ನೂ ಪರಿಶೀಲಿಸುತ್ತಾರೆ.

ಸ್ಟ್ರೋಕ್ ಆದ ಮುದುಕನಿಗೆ ಇದರ ಅರ್ಥ ಏನು? ಇವತ್ತು ಕೈ ಎತ್ತಬಲ್ಲ, ನುಂಗಬಲ್ಲ, ನೆಟ್ಟಗೆ ಮಾತಾಡಬಲ್ಲ. ನಾಳೆ ಇನ್ನೊಂದು ಸ್ಟ್ರೋಕ್ ಆದರೆ ಇದ್ಯಾವುದೂ ಆಗದು. ಕಾಯುತ್ತಾ ಕೂತರೆ ಅವಕಾಶವೇ ತಪ್ಪಿಹೋಗುತ್ತದೆ. ಅಂದರೆ ಕೈಗಳು ಮಾತು ಕೇಳುವಾಗಲೇ ಹೊರಡಬೇಕು, ಬದುಕು ಇನ್ನೂ ಒಂದಿಷ್ಟು ಉಳಿದಿರುವಾಗಲೇ. ಆಂದ್ರೆಯ ಅವಸರ ನೋಡುವವರಿಗೆ ಹಟಮಾರಿತನದ ಹಾಗೆ ಕಾಣುತ್ತದೆ. ಅರ್ಧ ಅವನ ಸ್ವಭಾವವೇ, ನಿಜ. ಇನ್ನರ್ಧ ಆ ಕಲಮಿನದು.

ಹಣದ ಮಾತೂ ಇದೆ. ಬೇರೆ ದೇಶಕ್ಕೆ ಹೋಗಿ, ವೈದ್ಯರ ಪರೀಕ್ಷೆ, ದಾಖಲೆ, ಅಂತ್ಯಸಂಸ್ಕಾರ ಎಲ್ಲ ಸೇರಿ ಖರ್ಚು ಸಣ್ಣದಲ್ಲ. ಎಷ್ಟಾಗುತ್ತೆ ಅಂತ ತಿಳಿದ ಅಪ್ಪ, ಬಡವರು ಏನು ಮಾಡುತ್ತಾರೋ ಅಂತ ಕೇಳುತ್ತಾನೆ. ಅವರು ಸಾವು ಬರುವವರೆಗೆ ಕಾಯುತ್ತಾರೆ ಅನ್ನುವುದು ಮಗಳ ಉತ್ತರ. ನಗು ಬರುವ ಹಾಗೆ ಬರೆದ ಮಾತು. ಬರುವುದೂ ಹೌದು.

ಇನ್ನು ಮಕ್ಕಳ ಕಥೆ. ಫ್ರಾನ್ಸಿನಲ್ಲಿ ಆತ್ಮಹತ್ಯೆ ಅಪರಾಧ ಅಲ್ಲ. 1791ರಲ್ಲಿ, ಕ್ರಾಂತಿಯ ಕಾಲದಲ್ಲೇ ಅದನ್ನು ತೆಗೆದುಹಾಕಿದರು. ಅಪರಾಧವೇ ಅಲ್ಲದ್ದಕ್ಕೆ ನೆರವಾದರೆ ಅದೂ ಅಪರಾಧ ಅಲ್ಲ ಅಂತ ನಿಮಗನ್ನಿಸಬಹುದು. ಅಲ್ಲೇ ತಿರುವು ಇರುವುದು. ಆ ದೇಶದ ದಂಡಸಂಹಿತೆಯಲ್ಲಿ ನಮಗೆ ಅಷ್ಟು ಪರಿಚಯವಿಲ್ಲದ ಒಂದು ಅಪರಾಧವಿದೆ. ಕಣ್ಣೆದುರು ಒಬ್ಬರು ಅಪಾಯದಲ್ಲಿದ್ದಾಗ, ನಿಮಗೆ ತೊಂದರೆಯಾಗದೆ ಸಹಾಯ ಮಾಡಲು ಸಾಧ್ಯವಿದ್ದೂ ಮಾಡದಿದ್ದರೆ ಅದೇ ತಪ್ಪು. 5 ವರ್ಷದವರೆಗೆ ಜೈಲು, 75,000 ಯೂರೋವರೆಗೆ ದಂಡ. ರಸ್ತೆಯಲ್ಲಿ ಅಪಘಾತ ನೋಡಿ ಮುಖ ತಿರುಗಿಸಿ ಹೋಗುವವರಿಗೆ ಈ ಕಾನೂನು ಅನ್ವಯಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಅಪ್ಪ ಸಾಯಲು ಹೊರಟಿದ್ದಾನೆ, ಮಕ್ಕಳಿಗೆ ಗೊತ್ತು, ತಡೆಯಲಿಲ್ಲ. ಇದೂ ಅದರೊಳಗೆ ಬರುತ್ತದಾ?

ವಕೀಲರು ಬರಬಹುದು ಅನ್ನುತ್ತಾರೆ. ಅದರಲ್ಲೂ ಈ ಇಬ್ಬರು ಹೆಣ್ಣುಮಕ್ಕಳು ಶ್ರೀಮಂತನ ವಾರಸುದಾರರು. ಪೊಲೀಸರಿಗೆ ಬೇರೆ ಯೋಚನೆ ಬರಲು ಅಷ್ಟು ಸಾಕು. ಹಾಗಾಗಿ ಎಮಾನ್ಯುಯೆಲ್ ಕ್ಯಾಮೆರಾ ಹಿಡಿದು ಅಪ್ಪನ ಮುಂದೆ ಕೂರುತ್ತಾಳೆ. ಇದು ನನ್ನದೇ ನಿರ್ಧಾರ ಅಂತ ಅವನ ಬಾಯಿಂದಲೇ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಬೇಕು. ಆ ದೃಶ್ಯವನ್ನು ಗಮನಿಸಿ ನೋಡಿ. ಒಬ್ಬಳೇ ಹೆಂಗಸು ಒಂದೇ ಹೊತ್ತಿಗೆ ಮಗಳೂ ಹೌದು, ಸಾಕ್ಷ್ಯ ಸಂಗ್ರಹಿಸುವವಳೂ ಹೌದು, ನಾಳೆ ಆರೋಪಿ ಆಗಬಹುದಾದವಳೂ ಹೌದು. ಅಪ್ಪನ ಕೊನೆಯ ದಿನಗಳ ನೆನಪಿಗೆ ನಾವೂ ವಿಡಿಯೊ ಮಾಡಿಟ್ಟುಕೊಳ್ಳುತ್ತೇವೆ ಅಲ್ವಾ? ಇದು ಕೋರ್ಟಿಗೆ ಬೇಕಾದ ವಿಡಿಯೊ.

ಅಪ್ಪನಿಗೋ ಗುಟ್ಟು ನಿಲ್ಲುವುದಿಲ್ಲ. ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಾನೆ. ಯಾರೋ ದೂರು ಕೊಡುತ್ತಾರೆ. ಅಕ್ಕ ತಂಗಿ ಇಬ್ಬರನ್ನೂ ಪೊಲೀಸರು ಕರೆಸಿ ವಿಚಾರಿಸುತ್ತಾರೆ. ಕೊನೆಗೆ ಅಪ್ಪ ಬರ್ನ್ ನಗರಕ್ಕೆ ಹೊರಡುವುದು ಆಂಬುಲೆನ್ಸಿನಲ್ಲಿ, ಮಕ್ಕಳಿಲ್ಲದೆ.

ಇದು ಕಟ್ಟುಕಥೆಯಲ್ಲ ಅನ್ನುವುದನ್ನು ಬೇಕಂತಲೇ ಇಲ್ಲಿಯವರೆಗೆ ಹೇಳಲಿಲ್ಲ. ಎಮಾನ್ಯುಯೆಲ್ ಬೆರ್ನ್‌ಹೈಮ್ ಫ್ರಾನ್ಸಿನ ಕಾದಂಬರಿಕಾರ್ತಿ. ಓಜೋನ್ ಜೊತೆ 'ಸ್ವಿಮ್ಮಿಂಗ್ ಪೂಲ್' ಮುಂತಾದ ಚಿತ್ರಗಳಿಗೆ ಚಿತ್ರಕಥೆ ಬರೆದವರು. ತಮ್ಮ ಅಪ್ಪನ ಈ ಕಥೆಯನ್ನು ಅವರು 2013ರಲ್ಲಿ ಇದೇ ಹೆಸರಿನ ಪುಸ್ತಕವಾಗಿ ತಂದರು. ಅದನ್ನು ಮೊದಲು ಸಿನಿಮಾ ಮಾಡಲು ಹೊರಟವರು ಅಲೆನ್ ಕವಾಲಿಯೆ ಎಂಬ ಹಿರಿಯ ನಿರ್ದೇಶಕ. ಮಗಳ ಪಾತ್ರವನ್ನು ಬೆರ್ನ್‌ಹೈಮ್ ತಾವೇ ಮಾಡುವುದು, ಅಪ್ಪನ ಪಾತ್ರ ಕವಾಲಿಯೆ ಮಾಡುವುದು ಅಂತ ಮಾತಾಗಿತ್ತು. ಅಷ್ಟರಲ್ಲಿ ಬೆರ್ನ್‌ಹೈಮ್ ಅವರಿಗೇ ಕ್ಯಾನ್ಸರ್ ಬಂತು. 2017ರಲ್ಲಿ ತೀರಿಕೊಂಡರು. ಆಗದೇ ಹೋದ ಆ ಸಿನಿಮಾ ಮತ್ತು ಹೋಗಿಬಿಟ್ಟ ಗೆಳತಿಯ ಬಗ್ಗೆ ಕವಾಲಿಯೆ 2019ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಆಮೇಲೆ ಓಜೋನ್ ಪುಸ್ತಕ ಕೈಗೆತ್ತಿಕೊಂಡರು. ಸೋಫಿ ಮಾರ್ಸೋ ಮಾಡಿರುವುದು ಆ ಹೊತ್ತಿಗೆ ಬದುಕಿಲ್ಲದ ಮಗಳ ಪಾತ್ರ ಅನ್ನುವುದು ತಲೆಯಲ್ಲಿದ್ದರೆ ಅವಳ ಮೌನಗಳು ಬೇರೆಯಾಗಿ ಕೇಳಿಸುತ್ತವೆ.

ಸಿನಿಮಾ ಬಂದ ಮೇಲೆ ಫ್ರಾನ್ಸ್ ಸುಮ್ಮನೆ ಕೂತಿಲ್ಲ. 2022ರ ಸೆಪ್ಟೆಂಬರ್ 13ರಂದು ನಿರ್ದೇಶಕ ಜ್ಯಾಂ-ಲುಕ್ ಗೊದಾರ್ ಸ್ವಿಟ್ಜರ್ಲೆಂಡಿನಲ್ಲಿ ಇದೇ ರೀತಿ, ನೆರವು ಪಡೆದು ತೀರಿಕೊಂಡರು. ಅವರಿದ್ದದ್ದೇ ಆ ದೇಶದಲ್ಲಿ, ಹಾಗಾಗಿ ಆಂಬುಲೆನ್ಸು, ಗಡಿ ಇದ್ಯಾವುದೂ ಬೇಕಾಗಲಿಲ್ಲ. ಕಾಕತಾಳೀಯ ಅಂದರೆ ಅದೇ ದಿನ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನ್ ಈ ವಿಷಯ ಚರ್ಚಿಸಲು ಸಾಮಾನ್ಯ ನಾಗರಿಕರ ಸಮಾವೇಶವನ್ನು ಘೋಷಿಸಿದರು. 184 ಜನ ತಿಂಗಳುಗಟ್ಟಲೆ ಕೂತು ಮಾತಾಡಿದರು. ಮುಕ್ಕಾಲು ಪಾಲು ಜನ ನೆರವಿನ ಸಾವಿಗೆ ಅವಕಾಶ ಇರಲಿ ಅಂದರು. 2025ರ ಮೇ 27ರಂದು ಸಂಸತ್ತಿನ ಕೆಳಮನೆಯಾದ ರಾಷ್ಟ್ರೀಯ ಸಭೆ ಇದರ ಮಸೂದೆಯನ್ನು 305-199 ಮತಗಳಿಂದ ಒಪ್ಪಿ ಮೇಲ್ಮನೆಯಾದ ಸೆನೆಟ್‌ಗೆ ಕಳಿಸಿತು. ನೋವು ಕಡಿಮೆ ಮಾಡುವ ಉಪಶಮನ ಆರೈಕೆಯನ್ನು ಹೆಚ್ಚಿಸುವ ಇನ್ನೊಂದು ಮಸೂದೆಗೆ ಅದೇ ದಿನ ಒಬ್ಬರೂ ವಿರೋಧ ಹೇಳಲಿಲ್ಲ. ನೆರವಿನ ಸಾವಿನ ಮಸೂದೆಯಲ್ಲಿ ಷರತ್ತುಗಳು ಗಟ್ಟಿಯಾಗಿವೆ. ಗುಣವಾಗದ, ಪ್ರಾಣಕ್ಕೇ ಕುತ್ತು ತರುವ ಕಾಯಿಲೆ ಇರಬೇಕು, ಅದೂ ಮುಂದುವರಿದ ಹಂತದಲ್ಲಿರಬೇಕು. ಸ್ಟ್ರೋಕಿನಿಂದ ಚೇತರಿಸಿಕೊಳ್ಳುತ್ತಿದ್ದ ಆಂದ್ರೆಗೆ ಈ ಮಸೂದೆಯೂ ಒಪ್ಪಿಗೆ ಕೊಡುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ವಿರೋಧಿಸುವವರ ವಾದವನ್ನೂ ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಅಂಗವಿಕಲರ ಪರ ಇರುವ ಹಲವರು ಕೇಳುವುದು ಇಷ್ಟೇ. ಕೈಕಾಲು ಆಡದ ಬದುಕು ಬೇಡ ಅಂತ ಆಂದ್ರೆ ಹೇಳುತ್ತಾನೆ, ನಾವು ದಿನಾ ಬದುಕುತ್ತಿರುವುದು ಅದೇ ಬದುಕನ್ನಲ್ಲವಾ? ಇದಕ್ಕೆ ಸಿನಿಮಾದಲ್ಲಿ ಉತ್ತರ ಇಲ್ಲ. ಓಜೋನ್ ತೋರಿಸುವುದು ಒಬ್ಬ ಮನುಷ್ಯನನ್ನು, ಅದೂ ಇನ್ನೊಬ್ಬರ ಕೈಯಲ್ಲಿ ಮೈ ತೊಳೆಸಿಕೊಳ್ಳುವುದನ್ನು ಸಹಿಸಲಾರದ ಮನುಷ್ಯನನ್ನು.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿದಾಗ 'ರಾಜ್ಯದಲ್ಲಿ ದಯಾಮರಣಕ್ಕೆ ಅವಕಾಶ' ಅನ್ನುವ ಮಾತು ಎಲ್ಲ ಕಡೆ ಓಡಾಡಿತು. ಆ ಮಾತು ಕೇಳಿದವರು ಸ್ವಿಟ್ಜರ್ಲೆಂಡಿನ ಲೋಟವನ್ನೇ ಕಲ್ಪಿಸಿಕೊಂಡಿರಬಹುದು. ಹಾಗಲ್ಲ. ನಮ್ಮದು ಮೇಲೆ ಹೇಳಿದ ಮೂರರಲ್ಲಿ ಮೊದಲನೆಯದು, ಚಿಕಿತ್ಸೆ ನಿಲ್ಲಿಸುವುದು ಮಾತ್ರ.

ಅದರ ದಾರಿ ಶುರುವಾದದ್ದೂ ನಮ್ಮ ನೆಲದ ಒಬ್ಬ ಮಗಳಿಂದ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ಅಲ್ಲೇ ಅವರ ಮೇಲೆ ನಡೆದ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೂ ಪ್ರಜ್ಞೆ ಮರಳದ ಸ್ಥಿತಿಯಲ್ಲೇ ಉಳಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ವಿಷಯದಲ್ಲಿ ಅನುಮತಿ ಕೊಡಲಿಲ್ಲ. ನೋಡಿಕೊಳ್ಳುತ್ತಿದ್ದ ನರ್ಸುಗಳು ಬೇಡವೇ ಬೇಡ ಅಂದಿದ್ದರು. ಆದರೆ ಬೇರೆ ಪ್ರಕರಣಗಳಲ್ಲಿ ಚಿಕಿತ್ಸೆ ನಿಲ್ಲಿಸುವುದಕ್ಕೆ ತತ್ವತಃ ಅವಕಾಶ ಇದೆ ಅಂತ ಅದೇ ತೀರ್ಪು ಹೇಳಿತು. 2018ರಲ್ಲಿ ಸಂವಿಧಾನ ಪೀಠ ಲಿವಿಂಗ್ ವಿಲ್ ಅನ್ನು ಒಪ್ಪಿತು. ನಾಳೆ ನನಗೆ ಮಾತಾಡಲು ಆಗದಿದ್ದರೆ ಯಾವ ಚಿಕಿತ್ಸೆ ಬೇಡ ಅಂತ ಇವತ್ತೇ ಬರೆದಿಡುವ ಪತ್ರ ಅದು. ಮೊದಲು ಇಟ್ಟ ನಿಯಮಗಳು ಎಷ್ಟು ಜಟಿಲವಾಗಿದ್ದವು ಅಂದರೆ ಪಾಲಿಸುವುದೇ ಕಷ್ಟವಾಗಿತ್ತು. 2023ರಲ್ಲಿ ಅವುಗಳನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ಪರವಾಗಿ ತೀರ್ಮಾನ ಹೇಳುವವರು ಯಾರು ಅಂತ ಹೆಸರೂ ಬರೆಯಬೇಕು.

ಕರ್ನಾಟಕದ ಸುತ್ತೋಲೆ ಇದನ್ನು ಆಸ್ಪತ್ರೆಗಳಿಗೆ ಇಳಿಸಿತು. ಮೊದಲು ಆಸ್ಪತ್ರೆಯ ವೈದ್ಯರ ಒಂದು ಮಂಡಳಿ ನೋಡುತ್ತದೆ. ಎರಡನೆಯ ಮಂಡಳಿ ಮತ್ತೆ ಪರಿಶೀಲಿಸುತ್ತದೆ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರಿರಬೇಕು. ಮನೆಯವರ ಒಪ್ಪಿಗೆ ಬೇಕು. ಜಾರಿಗೆ ಮುಂಚೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಬರೆದಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಫ್ರಾನ್ಸಿನದೇ ಇನ್ನೊಂದು ಕಥೆ ಇದೆ. 2008ರಲ್ಲಿ ಅಪಘಾತವಾದ ವ್ಯಾಂಸಾಂ ಲಾಂಬೇರ್ ತನಗೇನು ಬೇಕು ಅಂತ ಕಾಗದದ ಮೇಲೆ ಇಟ್ಟಿರಲಿಲ್ಲ. ಚಿಕಿತ್ಸೆ ಸಾಕು ಅಂತ ಹೆಂಡತಿ, ನಿಲ್ಲಿಸಬೇಡಿ ಅಂತ ಅಪ್ಪ ಅಮ್ಮ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಜಗಳ ಹೋಗಿ, ಅವರು ತೀರಿಕೊಂಡದ್ದು 2019ರಲ್ಲಿ.

ನಮ್ಮಲ್ಲಿ ಇಂಥದ್ದು ಕೋರ್ಟಿಗೆ ಹೋಗುವುದು ಕಡಿಮೆ. ಐಸಿಯು ಹೊರಗಿನ ಕಬ್ಬಿಣದ ಕುರ್ಚಿಗಳ ಮೇಲೆ ಕೂತವರಿಗೆ ಒಂದು ಮಾತು ಗೊತ್ತಿರುತ್ತದೆ: 'ಮನೆಗೆ ಕರ್ಕೊಂಡು ಹೋಗಿ.' ಅದರ ಅರ್ಥ ಯಾರೂ ಬಿಡಿಸಿ ಹೇಳುವುದಿಲ್ಲ. ವೈದ್ಯರ ಸಲಹೆಗೆ ವಿರುದ್ಧವಾಗಿ ನಾವೇ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಒಂದು ಕಾಗದಕ್ಕೆ ಮಗನೋ ಮಗಳೋ ಸಹಿ ಹಾಕುತ್ತಾರೆ. ಬಿಲ್ ಕಟ್ಟಲು ಆಗದೆ ಹಾಗೆ ಮಾಡಿದವರೂ ಇದ್ದಾರೆ, ಅಪ್ಪ ಸ್ವಂತ ಮನೆಯಲ್ಲಿ ಹೋಗಲಿ ಅಂತ ಮಾಡಿದವರೂ ಇದ್ದಾರೆ. ಲಿವಿಂಗ್ ವಿಲ್ ಇದ್ದರೆ ಆ ಸಹಿಯ ಭಾರ ಒಬ್ಬರ ಹೆಗಲಿನಿಂದ ಇಳಿಯುತ್ತದೆ. ಬೇಡ ಅಂತ ಹೇಳಿದ್ದು ಅಪ್ಪನೇ. ಮಗಳು ಹಾಸಿಗೆ ಪಕ್ಕದಲ್ಲಿ ಕೈ ಹಿಡಿದು ಕೂರಬಹುದು. ನೋವಿಗೆ ಔಷಧಿಯೂ ಮುಂದುವರಿಯುತ್ತದೆ. ಅದನ್ನು ಯಾರೂ ನಿಲ್ಲಿಸುವುದಿಲ್ಲ.

ಆದರೆ ಆಂದ್ರೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರೆ ಉತ್ತರ ಏನು? ಆಗುವುದಿಲ್ಲ. ಅವನ ಕಡತ ಮೊದಲ ಮಂಡಳಿಯ ಮುಂದೆ ಬರುವುದೂ ಇಲ್ಲ, ಏಕೆಂದರೆ ನಿಲ್ಲಿಸಲು ಯಂತ್ರವಿಲ್ಲ. ಅವನು ಕೇಳಿದ ಸಹಾಯವನ್ನು ಮಗಳು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 108ನೇ ಸೆಕ್ಷನ್, ಅಂದರೆ ಆತ್ಮಹತ್ಯೆಗೆ ಕುಮ್ಮಕ್ಕು. ಶಿಕ್ಷೆ 10 ವರ್ಷದವರೆಗೆ. ಫ್ರಾನ್ಸಿನದಕ್ಕಿಂತ ಜಾಸ್ತಿ.

ಸಿನಿಮಾಕ್ಕೆ ವಾಪಸ್ ಬಂದರೆ, ಎಲ್ಲ ಕಾಗದಪತ್ರಗಳ ನಡುವೆ ಒಂದು ಸಣ್ಣ ಸಂಗತಿ ಇದೆ. ಹೊರಡುವ ದಿನ ಗೊತ್ತಾಗಿರುತ್ತದೆ. ಅಷ್ಟರಲ್ಲಿ ಅಪ್ಪನಿಗೆ ಮೊಮ್ಮಗನ ಸಂಗೀತ ಕಛೇರಿ ನೆನಪಾಗುತ್ತದೆ. ಹುಡುಗ ಕ್ಲಾರಿನೆಟ್ ನುಡಿಸುವುದನ್ನು ಕೇಳಲೇಬೇಕು, ದಿನ ಮುಂದಕ್ಕೆ ಹಾಕು ಅನ್ನುತ್ತಾನೆ. ಸಾವಿನ ದಿನವನ್ನು ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟಿನ ಹಾಗೆ ಬದಲಾಯಿಸುವುದು ನೋಡಿ ನಗುವುದಾ ಬೇಡವಾ ತಿಳಿಯುವುದಿಲ್ಲ. ಅಕ್ಕತಂಗಿಗೆ ಒಳಗೊಳಗೇ ಆಸೆ. ಮೊಮ್ಮಗನ ಸಂಗೀತ ಕೇಳಬೇಕು ಅನ್ನುವವನು ಸಾಯಲು ಹೋಗುತ್ತಾನಾ? ಕಛೇರಿ ಮುಗಿಯುತ್ತದೆ. ಅಪ್ಪ ಹೊಸ ದಿನಾಂಕ ಕೇಳುತ್ತಾನೆ.

ಕೊನೆಗೆ ಮಕ್ಕಳು ಪ್ಯಾರಿಸ್ಸಿನಲ್ಲಿ ಇರುತ್ತಾರೆ, ಅಪ್ಪ ಬರ್ನ್‌ನಲ್ಲಿ. ಫೋನ್ ರಿಂಗಾಗುತ್ತದೆ. ಆ ಕಡೆಯಿಂದ ಸ್ವಿಸ್ ಹೆಂಗಸಿನ ದನಿ. ಅವಳು ಹೇಳುವ ವಾಕ್ಯವೇ ಸಿನಿಮಾದ ಹೆಸರು.